ಬಿಗಿತ

ಬಸ್ಸಿನ ಕಂಬಿ ಹಿಡಿದಿದ್ದ ತನ್ನ ಬಲಗೈಯನ್ನು ಅವಳು ಬೇರೆ ಯಾರದೋ ಕೈಯೆಂಬಂತೆ ನೋಡುತ್ತಿದ್ದಳು. ಅದು ನಡುಗುತ್ತಿರಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು, ಇಗೋ ನೋಡಿ, ಹೀಗಿದೆ ನನ್ನ ಅವಸ್ಥೆ ಎಂದು ಯಾರಿಗಾದರೂ ತೋರಿಸಿ ಹಗುರಾಗಬಹುದಿತ್ತು. ಉಗುರಿನಂಚಿಗೆ ಎಷ್ಟು ತಿಕ್ಕಿದರೂ ಬಿಡದ ಗ್ರೀಸಿನ ಕಪ್ಪು, ಹೆಬ್ಬೆರಳ ಬುಡದಲ್ಲಿ ಯಾವುದೋ ಕಾಲದ ಸುಟ್ಟ ಕಲೆ. ಇದು ಎರಕ, ಇದು ಬಡಿದು ಮಾಡಿದ್ದು ಎಂದು ಕತ್ತಲಲ್ಲೂ ಮುಟ್ಟಿ ಹೇಳಬಲ್ಲ ಕೈ. ಆದರೆ ಆ ಬುಧವಾರ ತಾನೇನು ಮಾಡಿದೆ ಎನ್ನುವುದನ್ನು ಮಾತ್ರ ಬಾಯಿ ಬಿಡುತ್ತಿಲ್ಲ. ಬೋಲ್ಟು ಬಿಗಿದದ್ದು ನೆನಪಿದೆ. ಎಷ್ಟು ಬಿಗಿದೆ ಎನ್ನುವುದು ನೆನಪಿಲ್ಲ. ನೆನಪನ್ನು ಜಗ್ಗಿ ಜಗ್ಗಿ ಅದರ ಎಳೆಗಳೆಲ್ಲ ಸಡಿಲಾಗಿ, ಈಗ ಬಿಗಿದದ್ದೂ ನಿಜವೋ, ತಾನೇ ಕಟ್ಟಿಕೊಂಡ ಚಿತ್ರವೋ ಎಂಬ ಅನುಮಾನ. 'ಒಳಗೆ ಹೋಗಿ ತಾಯಿ, ಬಾಗಿಲಲ್ಲೇ ಬೇರು ಬಿಟ್ಟರೆ ಉಳಿದವರು ಎಲ್ಲಿ ನಿಲ್ಲಬೇಕು?' ಎಂದ ಕಂಡಕ್ಟರ್. ಹಿಂದೆ ಯಾರೋ ಕಿಸಕ್ಕೆಂದರು. ಅವಳು 'ತಪ್ಪಾಯಿತು' ಎಂದಳು, ಬೇಕಾದ್ದಕ್ಕಿಂತ ದೊಡ್ಡ ದನಿಯಲ್ಲಿ. ಕಂಡಕ್ಟರ್ ಕೂಡ ಒಮ್ಮೆ ತಿರುಗಿ ನೋಡಿದ. ಅಷ್ಟು ಸಲೀಸಾಗಿ ಬಂದಿತ್ತು ಆ ಮಾತು. ಇವತ್ತು ಹನ್ನೊಂದರ ಮೀಟಿಂಗಿನಲ್ಲಿ ಎಲ್ಲರೂ ಅವಳ ಬಾಯಿಂದ ಬಯಸುತ್ತಿದ್ದುದೂ ಅದೇ ಮಾತು.

ಆ ಬುಧವಾರ ಬಚ್ಚಲ ಬಾಗಿಲು ಒಳಗಿಂದ ಹಾಕಿತ್ತು. ಗಂಡ ಒಳಗಿದ್ದ. ನೀರಿನ ಸದ್ದಿರಲಿಲ್ಲ. ಅವಳು ಬಡಿದಳು, ಉತ್ತರವಿಲ್ಲ, ಮತ್ತೆ ಬಡಿದಳು. ಹಿಂದಿನ ಸಂಜೆ ತಾನು ಊಟದ ಹೊತ್ತಿನಲ್ಲೂ ಫೋನಿನಲ್ಲೇ ಇದ್ದೆನಲ್ಲ, ಅದಕ್ಕೆ ಮುನಿಸಿರಬೇಕು ಎಂದುಕೊಂಡಳು. ಆದರೆ ಅವನು ಮುನಿಯುವವನಲ್ಲ. ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ಮಕ್ಕಳು ಅವನ ಅಂಗಿಗೆ ಬಣ್ಣ ಚೆಲ್ಲಿದರೆ 'ಇಲ್ಲಿ ಸ್ವಲ್ಪ ನೀಲಿ ಬೇಕಿತ್ತು, ಒಳ್ಳೆಯದೇ ಆಯಿತು' ಎನ್ನುವ ಆಸಾಮಿ. ಮದುವೆಯಾದಂದಿನಿಂದ ಒಂದು ದಿನ ತಲೆನೋವು ಎಂದವನಲ್ಲ. ಊಟಕ್ಕೆ ಉಪ್ಪು ಕಡಿಮೆ ಎಂದೂ ಅಂದವನಲ್ಲ. ಅವಳು ಇದನ್ನು ಹತ್ತು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದಳು, ನಮ್ಮವರದು ಒಂದು ತಂಟೆಯಿಲ್ಲ, ತಕರಾರಿಲ್ಲ ಎಂದು. ಅಂದು ಬಾಗಿಲ ಹೊರಗೆ ನಿಂತು, 'ನಿಮ್ಮ ಹಾಗೆ ನನಗೆ ಪುರುಸೊತ್ತಿಲ್ಲಪ್ಪ, ಕೂತಿರಿ ಆರಾಮಾಗಿ' ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟಳು. ಮಧ್ಯಾಹ್ನ ನಾದಿನಿ ಬೀಗದವನನ್ನು ಕರೆಸಿ ಬಾಗಿಲು ತೆಗೆಸಿದಾಗ ಅವನು ನೆಲದ ಮೇಲೆ, ಕೈಯಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡು, ಗೋಡೆಗೆ ಒರಗಿ ಕೂತಿದ್ದನಂತೆ. ಕಣ್ಣು ತೆರೆದೇ ಇತ್ತಂತೆ. ಅಂದಿನಿಂದ ಹಾಸಿಗೆ ಬಿಟ್ಟಿಲ್ಲ. ಏನಾದರೂ ಕೇಳಿದರೆ ಹೂಂ, ಇಲ್ಲ, ಅಷ್ಟೆ. 'ಮುಂಚೆ ಏನೂ ಸೂಚನೆ ಇರಲಿಲ್ಲವಾ?' ಎಂದು ಕೇಳಿದ್ದರು ಡಾಕ್ಟರು. ಚಿಕ್ಕ ವಯಸ್ಸಿನ ಹೆಂಗಸು, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. 'ನಿದ್ದೆ, ಊಟ, ಏನಾದರೂ ಬದಲಾವಣೆ? ನಿಮಗೇನೂ ಕಾಣಲಿಲ್ಲವಾ?' ಆಮೇಲೆ ಕಾರ್ಡು ತುಂಬಲೆಂದು, 'ತಾವೇನು ಕೆಲಸ ಮಾಡೋದು?' ಎಂದರು. ಲೋಹದ ಬಿರುಕು ಪರೀಕ್ಷೆ ಮಾಡುತ್ತೇನೆ ಎನ್ನಲು ನಾಲಿಗೆ ಹೊರಳಲಿಲ್ಲ. ಕಾರ್ಖಾನೆ, ಎಂದಳು.

ಕಾರ್ಖಾನೆಯ ಗೇಟಿನಲ್ಲಿ ಹೊಸ ಕುಲುಮೆಯ ಕೆಲಸಕ್ಕೆ ಸೇರಿದ್ದ ಹೆಂಗಸೊಬ್ಬಳು ಎದುರಾಗಿ ನಕ್ಕಳು. 'ಇವತ್ತು ಆಗಿಬಿಡುತ್ತಲ್ಲ ಮೇಡಂ?' ಅವಳೂ ನಕ್ಕಂತೆ ಮಾಡಿದಳು. ಇಲ್ಲಿ ತಯಾರಾಗುವುದು ರೈಲುಬಂಡಿಗಳ ಬ್ರೇಕ್ ಡಿಸ್ಕ್, ಅಂದರೆ ಗಾಲಿಯ ಅಚ್ಚಿಗೆ ಬೋಲ್ಟು ಹಾಕಿ ಬಿಗಿಯುವ ಅಗಲವಾದ ದಪ್ಪ ತಟ್ಟೆ. ಡ್ರೈವರ್ ಬ್ರೇಕ್ ಹಾಕಿದಾಗ ಎರಡೂ ಕಡೆಯಿಂದ ಬಿಲ್ಲೆಗಳು ಬಂದು ಇದನ್ನು ಅಮುಕುತ್ತವೆ. ಓಡುವ ರೈಲಿನ ಅಷ್ಟೂ ಸೊಕ್ಕು ಬಿಸಿಯಾಗಿ ಬಂದು ಈ ತಟ್ಟೆಯೊಳಗೆ ಇಳಿಯುತ್ತದೆ. ಇದು ಕೆಂಡದಂತಾಗಿ, ಹಿಗ್ಗಿ, ಮತ್ತೆ ತಣಿದು, ಕುಗ್ಗಿ, ಮುಂದಿನ ನಿಲ್ದಾಣಕ್ಕೆ ಮತ್ತೆ ಸಿದ್ಧವಾಗಬೇಕು. ಇಲ್ಲಿಯತನಕ ಅದನ್ನು ಹಳೆಯ ಎರಕದ ಕಬ್ಬಿಣದಲ್ಲಿ ಮಾಡುತ್ತಿದ್ದರು. ಬೇಗ ಸವೆಯುತ್ತದೆ, ಕಿರುಗುಟ್ಟುತ್ತದೆ, ಮೈತುಂಬ ಕೂದಲೆಳೆಯಂಥ ಗೀರು ಬಿಟ್ಟುಕೊಳ್ಳುತ್ತದೆ. ರೈಲು ರಿಪೇರಿಯ ಶೆಡ್ಡಿನವರು ಬೈದುಕೊಂಡು ಬದಲಾಯಿಸುತ್ತಾರೆ. ಈಗ ಹೊಸ ಉಕ್ಕು ಬಂದಿದೆ. ಸವೆಯುವುದೇ ಇಲ್ಲವೇನೋ ಎನ್ನುವಷ್ಟು ಗಟ್ಟಿ. ಅದಕ್ಕೆಂದೇ ಕುಲುಮೆ ಕಟ್ಟಿ, ಜನ ತೆಗೆದುಕೊಂಡು, ಗೋಡೆಗೆ ಬಣ್ಣವನ್ನೂ ಹೊಡೆಸಿ ಆಗಿದೆ. ಹೊಸ ಬಂಡಿಗಳಿಗೆ ಯಾವ ಲೋಹ ಎಂದು ರೈಲ್ವೆಯವರು ಇವತ್ತು ಹೇಳಬೇಕು. ಅವರು ಹೇಳುವ ಮೊದಲು ಪರೀಕ್ಷೆಯ ಕೋಣೆಯಿಂದ ಅವಳು ಹೇಳಬೇಕು. ಹೊಸ ಉಕ್ಕಿನ ಡಿಸ್ಕುಗಳನ್ನು ಒಂದಾದ ಮೇಲೊಂದು ಯಂತ್ರಕ್ಕೇರಿಸಿ ತಿರುಗಿಸಿ, ಬ್ರೇಕ್ ಹಾಕಿ, ಕಾಯಿಸಿ, ತಣಿಸಿ ನೋಡಿದ್ದಾಯಿತು. ಎಲ್ಲವೂ ಮದುವಣಗಿತ್ತಿಯ ಕನ್ನಡಿಯಂತೆ ಹೊಳೆಯುತ್ತ ಹೊರಬಂದವು, ಒಂದರ ಹೊರತು. ಆ ಬುಧವಾರದ್ದು. ಮುಂಚೆ ಒಂದು ಗೀರಿಲ್ಲ, ಕಿರುಗುಟ್ಟಿದ ಸದ್ದಿಲ್ಲ, ನಡು ಓಟದಲ್ಲಿ ಎರಡು ಹೋಳಾಯಿತು. ಅಂದು ಯಂತ್ರದವನು ರಜೆ, ಜೋಡಿಸಿದವಳು ಅವಳೇ.

ಸರಿಯಾದ ಬಿಗಿತಕ್ಕೆ ಬಂದಾಗ ಟಕ್ ಎನ್ನುವ ಸ್ಪ್ಯಾನರ್ ಇದೆ. ಟಕ್ ಎಂದಮೇಲೆ ಕೈ ತೆಗೆಯಬೇಕು, ಇಷ್ಟೇ ವಿದ್ಯೆ. ಅಂದು ಅದು ಟಕ್ ಎಂದಿತೇ? ಎಂದಮೇಲೂ ಇವಳು ಜಗ್ಗಿದಳೇ? ಕಿವಿಯಲ್ಲಿ ಅಂದು ಇದ್ದದ್ದು ಬೇರೆ ಸದ್ದು: ತಾನು ಬಡಿದ ಬಾಗಿಲು, ಅದರಾಚೆಯ ಮೌನ, ಕೂತಿರಿ ಆರಾಮಾಗಿ. ಬಸ್ಸಿನಲ್ಲೆಲ್ಲ ಅವನಿಗೆ ಹೇಳಬೇಕಾದ ಚುಚ್ಚುಮಾತುಗಳನ್ನು ಸಾಣೆ ಹಿಡಿಯುತ್ತ ಬಂದಿದ್ದಳು. ಸ್ಪ್ಯಾನರ್ ಹಿಡಿದಾಗಲೂ ಅವನೊಡನೆ ಜಗಳವಾಡುತ್ತಲೇ ಇದ್ದಳು. ಮೈಕ್ರೋಸ್ಕೋಪಿನಡಿ ಒಡೆದ ಮುಖವನ್ನು ಎಷ್ಟು ನೋಡಿದರೂ ಅದು ಹೇಳುವುದು ಒಂದೇ: ಬಿರುಕು ಬೋಲ್ಟಿನ ತೂತಿನಿಂದ ಹೊರಟಿದೆ. ಲೋಹದೊಳಗಿನ ದೋಷವಾದರೂ ಅಲ್ಲಿಂದಲೇ ಹೊರಡಬಹುದು, ಬಿಗಿತ ಮೀರಿದರೂ ಅಲ್ಲಿಂದಲೇ. ಹಾಗೆ ನೋಡುತ್ತ ಕೂತ ಒಂದು ಮಧ್ಯಾಹ್ನ, ಬಿರುಕಿನ ಜಾಗದಲ್ಲಿ ಗಂಡನ ತೆರೆದ ಕಣ್ಣು ಕಂಡಂತಾಗಿ, ಛೆ, ಇದೆಂಥ ಅಗ್ಗದ ಹೋಲಿಕೆ ಎಂದು ತನ್ನ ಮೇಲೇ ಸಿಟ್ಟು ಬಂದು, ಎದ್ದು ಹೋಗಿ ಮುಖ ತೊಳೆದಿದ್ದಳು. ಮನುಷ್ಯ ಉಕ್ಕಲ್ಲ. ಉಕ್ಕಾದರೆ ಅರ್ಧ ಕತ್ತರಿಸಿ ನೋಡಬಹುದಿತ್ತು.

ಮೀಟಿಂಗ್ ಕೋಣೆಯ ಮೇಜಿನ ಮೇಲೆ ಆ ಎರಡು ಹೋಳುಗಳನ್ನು ಹಳೆ ಪೇಪರು ಹಾಸಿ ಇಟ್ಟಿದ್ದರು. ರೈಲ್ವೆಯಿಂದ ಬಂದಿದ್ದ ಹಿರಿಯ ಇಂಜಿನಿಯರಿಗೆ ನೆಗಡಿ, ಕರವಸ್ತ್ರ ಕೈಯಿಂದಿಳಿಯುತ್ತಿರಲಿಲ್ಲ. ಮ್ಯಾನೇಜರ್ ಅವಳಿಗೆ ತಾವೇ ಕುರ್ಚಿ ಎಳೆದುಕೊಟ್ಟರು. ಆ ಮರ್ಯಾದೆಯಲ್ಲೇ ಅವಳಿಗೆ ಅರ್ಧ ಗೊತ್ತಾಯಿತು. ಹಿಂದಿನಿಂದ ಎಲ್ಲರೂ ತನ್ನನ್ನು ತುಕ್ಕು ಮೇಡಂ ಎನ್ನುತ್ತಾರೆ, ಹೊಳೆಯುವುದರಲ್ಲೆಲ್ಲ ಕಲೆ ಹುಡುಕುವವಳು ಎಂದು, ಇದೂ ಅವಳಿಗೆ ಗೊತ್ತಿತ್ತು.

'ಒಂದೇ ಒಂದು ವಾಕ್ಯ ಮೇಡಂ,' ಎಂದರು ಮ್ಯಾನೇಜರ್. 'ಜೋಡಿಸುವಾಗ ಕೈತಪ್ಪಾಯಿತು ಅಂತ ಹೇಳಿಬಿಡಿ. ಯಾರೂ ನಿಮ್ಮನ್ನ ನೇಣಿಗೆ ಹಾಕಲ್ಲ. ಮನೆಯಲ್ಲಿ ಹಾಗಾಗಿತ್ತು, ನಮಗೂ ಅರ್ಥವಾಗುತ್ತೆ.'

ಅವಳ ಮುಖಕ್ಕೆ ರಕ್ತ ನುಗ್ಗಿತು. ಮನೆಯ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ. ಎರಡು ಸಲ ರಜೆ ಕೇಳಿದ್ದಳು, ಅಷ್ಟೆ. ಹಾಗಾದರೆ ಇದು ಕ್ಯಾಂಟೀನಿನಲ್ಲಿ ಓಡಾಡಿದೆ, ಎಲ್ಲರ ತಟ್ಟೆಯ ಪಕ್ಕದಲ್ಲಿ ಕೂತಿದೆ.

'ಕೈತಪ್ಪಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ.'

'ಗೊತ್ತಿಲ್ಲ ಅಂದರೆ?'

'ನೆನಪಿಲ್ಲ.'

ರೈಲ್ವೆಯವರು ಮೂಗೊರೆಸಿಕೊಂಡು, 'ಅಲ್ಲಮ್ಮ, ನಿಮಗೇ ಗೊತ್ತಿಲ್ಲ ಅಂದಮೇಲೆ ಇಷ್ಟು ದೂರದಿಂದ ನಾನು ಬಂದದ್ದು ನೆಗಡಿ ಹಂಚೋದಕ್ಕಾ?' ಎಂದರು. ನಗು ಎದ್ದಿತು.

'ಇರಲಿ, ಈಗಲೇ ಇನ್ನೊಂದು ಓಡಿಸಿ ನೋಡೋಣ. ಸರ್ ಎದುರಿಗೇ ಆಗಲಿ,' ಎಂದರು ಮ್ಯಾನೇಜರ್, ಜಾದೂಗಾರನ ಧಾಟಿಯಲ್ಲಿ. ಎಲ್ಲ ಎದ್ದು ಪರೀಕ್ಷೆಯ ಕೋಣೆಗೆ ಹೋದರು. ಯಂತ್ರದವನನ್ನು ಎಲ್ಲರೂ ಗುಡುಗು ಎನ್ನುತ್ತಿದ್ದರು, ಅವನ ಮಾತು ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ ಎಂಬ ಕಾರಣಕ್ಕೆ. ಅವನು ಹೊಸ ಡಿಸ್ಕೊಂದನ್ನು ಏರಿಸಿ ಬೋಲ್ಟು ಬಿಗಿದ. ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಟಕ್ ಎಂದಿತು. ದಪ್ಪ ಗಾಜಿನ ಹಿಂದೆ ನಿಂತು ಎಲ್ಲರೂ ನೋಡಿದರು. ಡಿಸ್ಕ್ ತಿರುಗಿತು, ಬ್ರೇಕ್ ಬಿತ್ತು, ಕೆಂಪಾಯಿತು, ತಣಿಯಿತು, ಮತ್ತೆ ತಿರುಗಿತು. ಮಧ್ಯೆ ಟೀ ಬಂತು. ಅವಳು ಗಾಜಿಗೆ ಅಂಟಿಕೊಂಡಂತೆ ನಿಂತು, ಒಡೆಯಲಿ, ದಯವಿಟ್ಟು ಒಡೆ ಎಂದು ಬೇಡಿಕೊಳ್ಳುತ್ತಿದ್ದಳು. ಒಡೆದರೆ ತಪ್ಪು ಲೋಹದ್ದಾಗುತ್ತಿತ್ತು. ಮರುಗಳಿಗೆ ಗೇಟಿನಲ್ಲಿ ನಕ್ಕ ಹೆಂಗಸಿನ ಮುಖ ಬಂದು, ಬೇಡ ಒಡೆಯಬೇಡ ಎಂದುಕೊಂಡಳು. ಡಿಸ್ಕ್ ಒಡೆಯಲಿಲ್ಲ. ತಣ್ಣಗಾಗಿ ನಿಂತಾಗ ಹೊಚ್ಚ ಹೊಸದರಂತಿತ್ತು. ಯಾರೋ ಚಪ್ಪಾಳೆ ತಟ್ಟಿದರು. 'ಅಲ್ಲಿಗೆ ಮುಗೀತು,' ಎಂದು ಮ್ಯಾನೇಜರ್ ಅವಳ ಭುಜ ಮುಟ್ಟುವಂತೆ ಮಾಡಿ, ಮುಟ್ಟದೆ ಬಿಟ್ಟರು. 'ನೀವು ಸ್ವಲ್ಪ ದಿನ ಮನೆಯಲ್ಲಿರಿ ಮೇಡಂ. ಯಜಮಾನರನ್ನ ನೋಡಿಕೊಳ್ಳಿ.'

ಹೊರಟೇಬಿಡಬೇಕೆನಿಸಿತು. ಹೌದು, ತಪ್ಪು ನನ್ನದೇ, ಎಂದರಾಯಿತು, ಬಸ್ಸಿನಲ್ಲಿ ಅಂದಂತೆ. ಎಲ್ಲರಿಗೂ ಒಳಿತು. ಗಂಡನ ಹಾಸಿಗೆಯ ಪಕ್ಕದ ಕುರ್ಚಿ ಕಣ್ಣಿಗೆ ಬಂತು. ಅಲ್ಲಿ ಕೂತು ಸಂಜೆಯಿಡೀ ಅವಳು ಕೇಳುವ ಪ್ರಶ್ನೆಗಳು: ಯಾಕೆ ಹೀಗೆ, ಏನಾಯಿತು, ಶಾಲೆಯಲ್ಲಿ ಯಾರಾದರೂ ಏನಾದರೂ ಅಂದರಾ, ನನ್ನಿಂದೇನಾದರೂ. ಕೊನೆಯ ಪ್ರಶ್ನೆಯನ್ನು ಯಾವಾಗಲೂ ಕೊನೆಗಿಡುತ್ತಿದ್ದಳು, ಅಷ್ಟರಲ್ಲಿ ಅವನು ನಿದ್ದೆ ಹೋಗಿರಲಿ ಎಂಬ ಆಸೆಯಿಂದ. ನನ್ನಿಂದಲೇ ಎಂದುಕೊಳ್ಳೋಣ. ಒಂದು ಬೆಳಿಗ್ಗೆಯ ಒಂದು ಮಾತಿನಿಂದ ಒಬ್ಬ ಮನುಷ್ಯ ಹೀಗಾಗುವುದಾದರೆ, ಅಷ್ಟೂ ವರ್ಷ ಅವನು ಎಂಥ ಬಿಗಿತದಲ್ಲಿದ್ದಿರಬೇಕು. ಅದನ್ನು ತಾನು ಸ್ವಭಾವ ಎಂದುಕೊಂಡಿದ್ದೆನಲ್ಲ. ಅವಳು ಬಾಗಿಲ ತನಕ ಹೋಗಿದ್ದವಳು ನಿಂತಳು.

'ಸರ್, ನಿಮ್ಮ ಶೆಡ್ಡಿನಲ್ಲಿ ಡಿಸ್ಕ್ ಬಿಗಿಯೋರು ಯಾರು?'

ರೈಲ್ವೆಯವರು ಕರವಸ್ತ್ರದಿಂದ ತಲೆಯೆತ್ತಿದರು. 'ಫಿಟ್ಟರುಗಳು. ಯಾಕೆ?'

'ಅವರು ಮನೆಯಲ್ಲಿ ಜಗಳವಾಡಿಕೊಂಡು ಕೆಲಸಕ್ಕೆ ಬರಲ್ವಾ? ಹೆಂಡತಿಗೆ ಹುಷಾರಿಲ್ಲದೆ, ಮಗು ಕಳಕೊಂಡು, ಸಾಲಗಾರನ ಹತ್ತಿರ ಬೈಸಿಕೊಂಡು ಬರಲ್ವಾ?' ಅವಳ ದನಿ ಏರುತ್ತಿತ್ತು. ತಡೆಯಲು ನೋಡಿದಳು, ಆಗಲಿಲ್ಲ. 'ಆ ಬುಧವಾರ ನನ್ನ ಗಂಡ ಬಚ್ಚಲಲ್ಲಿ ಕುಸಿದು ಕೂತಿದ್ದರು. ನಾನು ಬೈದು ಬಂದಿದ್ದೆ. ಸಿಟ್ಟಲ್ಲಿ ಬಿಗಿದಿದ್ದೀನಿ ಅಂತಲೇ ಇಟ್ಟುಕೊಳ್ಳಿ. ಒಂದು ಕೈಯ ಸಿಟ್ಟಿಗೆ, ಒಂದು ಗೀರೂ ತೋರಿಸದೆ ಎರಡು ಹೋಳಾಗುತ್ತೆ ಅಂದರೆ, ಈ ಲೋಹ ಬ್ರೇಕಿಗೆ ಆಗಲ್ಲ ಸರ್. ಒಳ್ಳೆ ದಿನ ಎಲ್ಲ ಲೋಹವೂ ತಡೆಯುತ್ತೆ. ಕೆಟ್ಟ ದಿನ ತಡೆಯೋದು ಬೇಕು.'

ಮ್ಯಾನೇಜರ್ ನಕ್ಕು, 'ಭಾಷಣ ಚೆನ್ನಾಗಿದೆ. ಆದರೆ ಬಿಗಿದದ್ದು ನೆನಪಿಲ್ಲ ಅಂದವರೂ ಇವರೇ,' ಎಂದರು.

'ಹಾಗಾದರೆ ಬಿಗಿದು ತೋರಿಸಿ,' ಎಂದರು ರೈಲ್ವೆಯವರು. ದನಿಯಲ್ಲಿ ಕರುಣೆಯೇನೂ ಇರಲಿಲ್ಲ. 'ಅಂದು ಬಿಗಿದ ಹಾಗೆ. ಒಂದು ಹೊಸದು, ಒಂದು ಹಳೇ ಕಬ್ಬಿಣದ್ದು.'

ಗುಡುಗು ಸ್ಪ್ಯಾನರನ್ನು ಅವಳ ಕೈಗಿಟ್ಟ. ಏನೋ ಅಂದ, ಕೇಳಿಸಲಿಲ್ಲ. ಅವಳು ಡಿಸ್ಕಿನ ಮುಂದೆ ಮಂಡಿಯೂರಿದಳು. ಬೆನ್ನ ಹಿಂದೆ ಅಷ್ಟೂ ಗಂಡಸರ ಶೂಗಳು. ಬೇಕೆಂದೇ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ! ಆ ಬೆಳಗನ್ನು ಮತ್ತೆ ಕರೆಯಬೇಕು: ಬಾಗಿಲು, ಬಡಿದದ್ದು, ಹಿಡಿಯ ತಣ್ಣಗಿನ ಹಿತ್ತಾಳೆ, ಬಸ್ಸು ತಪ್ಪುತ್ತದೆ ಎಂಬ ಉರಿ. ಬರಲಿಲ್ಲ. ಬಂದದ್ದು ಅವನ ಪಾದಗಳು, ನಿನ್ನೆ ಸಂಜೆ ಹೊದಿಕೆಯಿಂದ ಹೊರಗೆ ಚಾಚಿದ್ದ, ಉಗುರು ಕತ್ತರಿಸದ ಪಾದಗಳು. ಕತ್ತರಿಸಲೇ ಎಂದರೆ ಬೇಡವೆಂದು ಒಳಗೆಳೆದುಕೊಂಡವು. ಸ್ಪ್ಯಾನರ್ ಟಕ್ ಎಂದಿತು. ಅವಳು ಕೈ ತೆಗೆಯಲಿಲ್ಲ. ಇನ್ನೂ ಎಳೆದಳು. ತೋಳು ಉರಿಯಿತು, ಹಲ್ಲು ಕಚ್ಚಿಕೊಂಡಿತು, ಕಣ್ಣಲ್ಲಿ ನೀರು ತುಂಬಿ ಬೋಲ್ಟು ಕಾಣದಾಯಿತು, ಕಾಣದ್ದನ್ನೇ ಎಳೆದಳು. ಆಗ ಇದ್ದಕ್ಕಿದ್ದಂತೆ ಭುಜದ ಕೀಲಿನಲ್ಲಿ ಒಂದು ನೋವು ಎದ್ದಿತು. ಗುರುತಿನ ನೋವು. ಆ ಬುಧವಾರ ಸಂಜೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಈ ಭುಜ ಯಾಕೆ ನೋಯುತ್ತಿದೆ ಎಂದು ಅವಳು ನೀವಿಕೊಂಡಿದ್ದಳು. ನೆನಪಾಯಿತು. ಬಿಗಿದಿದ್ದಳು. ಹೀಗೇ, ಇಷ್ಟೇ, ಟಕ್ ಎಂದಮೇಲೂ. ಅವಳು ಹಾಗೇ ಮಂಡಿಯ ಮೇಲೆ ಕೂತುಬಿಟ್ಟಳು. ಯಾರೋ ನೀರು ತರಲು ಓಡಿದರು. ನೀರು ಕುಡಿದೆದ್ದು ಎರಡನೆಯ ಡಿಸ್ಕನ್ನೂ ಅಷ್ಟೇ ಬಿಗಿದಳು.

ಮೊದಲು ಹಳೆಯ ಕಬ್ಬಿಣ. ಅದು ಹೆಚ್ಚುಹೊತ್ತು ಸುಮ್ಮನಿರಲಿಲ್ಲ. ಕಿರುಗುಟ್ಟಿತು, ಅದುರಿತು, ಬೋಲ್ಟಿನ ಸುತ್ತ ಗೀರುಗಳು ಎದ್ದವು, ಇಳಿಸಿ ನೋಡಿದಾಗ ಕುರುಡನಿಗೂ ಕೈಗೆ ಸಿಗುವಷ್ಟು. ಆದರೆ ಇಡಿಯಾಗಿತ್ತು. ಆಮೇಲೆ ಹೊಸ ಉಕ್ಕು. ಅದು ಒಳ್ಳೆಯ ಮನೆಯ ಅತಿಥಿಯಂತೆ ತಿರುಗಿತು. ಕಾಯಿತು, ತಣಿಯಿತು, ಕಾಯಿತು. ಮ್ಯಾನೇಜರ್ ಮುಖದ ಮೇಲೆ ನಗು ಮತ್ತೆ ಮೂಡತೊಡಗಿತು. ಬಿಸಿಗೆ ಹಿಗ್ಗಬೇಕಾದ ಮೈ, ಹಿಗ್ಗಲು ಎಡೆಯಿಲ್ಲದೆ ಬೋಲ್ಟಿಗೆ ಒತ್ತಿಕೊಳ್ಳುತ್ತಿರುವುದನ್ನು ಅವಳು ಗಾಜಿನಾಚೆಯಿಂದ ತನ್ನ ಪಕ್ಕೆಲುಬುಗಳಲ್ಲಿ ಅನುಭವಿಸುತ್ತಿದ್ದಳು. ಉಳಿದವರು ಮಾತಿಗೆ ತೊಡಗಿದ್ದರು. ಯಾರೋ ಊಟದ ವಿಷಯ ತೆಗೆದಿದ್ದರು. ಆಗ ಕೋಣೆ ಸಿಡಿದಂತಾಯಿತು. ಗಾಜು ನಡುಗಿತು, ಟೀ ಲೋಟವೊಂದು ಉರುಳಿತು. ಗುಡುಗು ಗುಂಡಿಯೊತ್ತಿ ಯಂತ್ರ ನಿಲ್ಲಿಸಿದ. ಹೊಗೆ ಸರಿದಾಗ ಡಿಸ್ಕ್ ಎರಡಾಗಿತ್ತು.

'ಅಂದರೆ,' ಎಂದರು ಮ್ಯಾನೇಜರ್ ಮೆಲ್ಲಗೆ, ಒಂದೊಂದೇ ಪದವನ್ನು ಕೊಡವುತ್ತ, 'ಅವತ್ತು ಒಡೆದದ್ದು ನಿಮ್ಮ ಕೈಯಿಂದಲೇ.'

'ಹೌದು.'

'ನೀವೇ ಒಡೆದು, ನೀವೇ ಲೋಹ ಸರಿಯಿಲ್ಲ ಅಂತೀರಿ.'

'ಹೌದು.'

ರೈಲ್ವೆಯವರು ಎರಡು ಸಲ ಸೀನಿ, ಒಡೆದ ಹೋಳನ್ನು ಬೂಟಿನ ತುದಿಯಿಂದ ಸರಿಸಿ ನೋಡಿ, 'ಹಳೇ ಕಬ್ಬಿಣವೇ ಇರಲಿ,' ಎಂದರು. ಅವಳಿಗೆ ಧನ್ಯವಾದ ಹೇಳಲಿಲ್ಲ. ಹೋಗುವಾಗ ಮ್ಯಾನೇಜರರ ಕೈ ಕುಲುಕಿದರು, ಅವಳ ಕೈ ಕುಲುಕಲಿಲ್ಲ. ಕುಲುಮೆಯ ಅಂಗಳ ದಾಟಿಯೇ ಗೇಟಿಗೆ ಹೋಗಬೇಕು. ಸುದ್ದಿ ಅವಳಿಗಿಂತ ಮೊದಲು ತಲುಪಿತ್ತು. ಜನ ಗುಂಪಾಗಿ ನಿಂತಿದ್ದರು. ಯಾರೂ ಬೈಯಲಿಲ್ಲ, ದಾರಿ ಬಿಟ್ಟರು. ಬೆಳಿಗ್ಗೆ ನಕ್ಕ ಹೆಂಗಸು ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚುತ್ತ, 'ನಿಮಗೇನು ಮೇಡಂ, ನಿಮ್ಮ ಕೆಲಸ ಇರುತ್ತಲ್ಲ,' ಎಂದಳು. ರೈಲಿನಲ್ಲಿ ಕೂತವರ ಜೀವ ಉಳಿಯಿತು ಎಂದು ಹೇಳಬಹುದಿತ್ತು. ಯಾವ ರೈಲು, ಯಾರು ಕೂತವರು? ಆಗದೆ ಹೋದ ಅಪಘಾತಕ್ಕೆ ಮುಖವಿರುವುದಿಲ್ಲ. ಈ ಹೆಂಗಸಿಗೆ ಇತ್ತು, ಬೆವರಿನಲ್ಲಿ ಒದ್ದೆಯಾದ ಮುಖ. ಅವಳು ತಲೆತಗ್ಗಿಸಿ ದಾಟಿದಳು. ಸರಿಯಾದದ್ದನ್ನು ಮಾಡಿದಮೇಲೆ ಎದೆ ಹಗುರಾಗುತ್ತದೆ ಎಂದು ಯಾರು ಹೇಳಿದರೋ, ಅವರನ್ನು ಹಿಡಿದು ಕೇಳಬೇಕೆನಿಸಿತು.

ಮನೆಯಲ್ಲಿ ನಾದಿನಿ ಬಾಗಿಲಲ್ಲೇ ಶುರುಮಾಡಿದಳು: ಅಣ್ಣ ಬ್ರೆಡ್ಡನ್ನೂ ಮುಟ್ಟಲಿಲ್ಲ, ಡಾಕ್ಟರ್ ಫೋನ್ ಮಾಡಿದ್ದರು, ನನ್ನ ಸೊಂಟವೋ ದೇವರಿಗೇ ಪ್ರೀತಿ, ನೀವ್ಯಾಕೆ ಅತ್ತಿಗೆ ಇಷ್ಟು ಬೇಗ, ಮುಖ ಯಾಕೆ ಹೀಗಿದೆ. ಅವಳು ಹೂಂಗುಟ್ಟಿ ಒಳಗೆ ಹೋದಳು. ಅವನು ಗೋಡೆಗೆ ಮುಖಮಾಡಿ ಮಲಗಿದ್ದ. ಬೆನ್ನಿನ ಮೇಲೆ ಅಂಗಿ ಮಡಿಕೆಬಿದ್ದಿತ್ತು. ಕುರ್ಚಿಯಲ್ಲಿ ಕೂತಳು. ದಿನವೂ ಕೇಳುವ ಪ್ರಶ್ನೆಗಳು ಸಾಲುಗಟ್ಟಿ ಬಾಯಿಗೆ ಬಂದವು. ಕೇಳಲು ತ್ರಾಣವಿರಲಿಲ್ಲ.

'ಇವತ್ತು ಒಂದು ಡಿಸ್ಕ್ ಒಡೆದೆ,' ಎಂದಳು. 'ಬೇಕು ಅಂತಲೇ.'

ಉತ್ತರವನ್ನು ಅವಳು ನಿರೀಕ್ಷಿಸಿರಲಿಲ್ಲ. ಹಾಸಿಗೆ ಕಿರ್ರೆಂದಿತು. ಅವನ ತಲೆ ಸ್ವಲ್ಪ ತಿರುಗಿತು. ಕಣ್ಣು ಕಾಣಲಿಲ್ಲ, ಕಿವಿ ಮಾತ್ರ ಕಂಡಿತು.

'ಸದ್ದಾಯ್ತಾ?'

ಅಷ್ಟು ದಿನಗಳಲ್ಲಿ ಅವನಾಗಿ ಕೇಳಿದ ಮೊದಲ ಮಾತು ಅದು. ಅವಳು, ಹೆದರಿಸಿದರೆ ಹಾರಿಹೋಗುವ ಹಕ್ಕಿಯೆದುರು ಕೂತವಳಂತೆ ಅಲುಗಾಡದೆ ಹೇಳಿದಳು, 'ಆಯ್ತು. ಗಾಜೆಲ್ಲ ನಡುಗಿಹೋಯಿತು.'

ಬೀದಿಯಲ್ಲಿ ಯಾರೋ ಸ್ಕೂಟರ್ ಒದ್ದು ಒದ್ದು ಚಾಲೂ ಮಾಡುತ್ತಿದ್ದರು. ಅದು ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು.

'ನನ್ನದು ಸದ್ದಾಗಲಿಲ್ಲ,' ಎಂದ ಕೊನೆಗೆ, ಗೋಡೆಗೇ. 'ಬ್ರಷ್ ಹಿಡಿದುಕೊಂಡು ನಿಂತಿದ್ದೆ. ಪೇಸ್ಟ್ ಹಾಕಬೇಕು ಅಂದುಕೊಂಡೆ. ಹಾಕೋದಕ್ಕೆ ಆಗಲಿಲ್ಲ. ಯಾಕೆ ಆಗ್ತಿಲ್ಲ ಅಂತ ಯೋಚನೆ ಮಾಡ್ತಾ ಕೂತೆ. ಅಷ್ಟೇ ಆದದ್ದು.' ಉಸಿರು ತೆಗೆದುಕೊಂಡ. 'ನೀನು ಅಂದದ್ದು ಕೇಳಿಸ್ತು. ಹೂಂ ಅನ್ನಬೇಕು ಅಂದುಕೊಂಡೆ. ಬಾಯಿ ಬರಲಿಲ್ಲ.'

ಅವಳ ತುಟಿಗಳು ತೆರೆದವು. ಬೆಳಗಿನಿಂದ ಎಷ್ಟೋ ಜನ ಅವಳಿಂದ ಬಯಸಿದ್ದ ಆ 'ತಪ್ಪಾಯಿತು' ನಾಲಿಗೆಯ ತುದಿಗೆ ಬಂತು. ಹೇಳಿದರೆ ಅವನು ಪರವಾಗಿಲ್ಲ ಅನ್ನುತ್ತಾನೆ. ಅನ್ನಲೇಬೇಕಾಗುತ್ತದೆ ಅವನಿಗೆ, ಅಷ್ಟೂ ವರ್ಷ ಅಂದದ್ದು ಅದನ್ನೇ. ಅವಳು ಆ ಮಾತನ್ನು ನುಂಗಿಕೊಂಡಳು.

'ಪರವಾಗಿಲ್ಲ ಅನ್ನಬೇಡಿ,' ಎಂದಳು. 'ಬೈಯಬೇಕು ಅನಿಸಿದರೆ ಬೈಯಿರಿ.'

ಅವನು ಬೈಯಲಿಲ್ಲ. ಆದರೆ ಪರವಾಗಿಲ್ಲ ಎಂದೂ ಅನ್ನಲಿಲ್ಲ. ಅವನ ಬೆನ್ನು ಒಂದು ಸಲ ಅಲುಗಿತು, ಇನ್ನೊಂದು ಸಲ, ಆಮೇಲೆ ನಿಲ್ಲದೆ. ಗಂಟಲಿನಿಂದ ಒಂದು ಸದ್ದು ಹೊರಟಿತು, ಅವಳು ಅವನಿಂದ ಎಂದೂ ಕೇಳದಿದ್ದ ಒರಟು ಸದ್ದು. ಅಡುಗೆಮನೆಯಲ್ಲಿ ನಾದಿನಿಯ ಕೈಯಿಂದ ಏನೋ ಬಿತ್ತು. ಅಳುತ್ತಲೇ ಅವನು ಗೋಡೆಯ ಕಡೆಗೆ ಸರಿದ, ಒಬ್ಬರಿಗಾಗುವಷ್ಟು. ಅವಳು ಚಪ್ಪಲಿಯನ್ನೂ ಬಿಚ್ಚದೆ ಆ ಜಾಗದಲ್ಲಿ ಮಲಗಿದಳು.